ಓದಿ ಹೇಳುತ್ತಿದ್ದ ಚಾಚಾ

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ, ಏಳನೆಯ ತರಗತಿ ಮುಗಿಸಿ. ಅದೇ ಬೇಸಿಗೆಯಲ್ಲಿ ನಮ್ಮಪ್ಪ ಯಾವುದೋ ಅರ್ಜಿಗೆಂದು ಹಿರೇಕೊಟ್ನೆಕಲ್ಲಿನಿಂದ ಮಾನವಿಗೆ ಬರುವಾಗ ನನ್ನನ್ನೂ ಕರೆತಂದಿದ್ದ. ಅಲ್ಲಿನ ತಾಲ್ಲೂಕು ಕಚೇರಿಯ ಕಾಂಪೌಂಡಿಗೆ ಬೆನ್ನು ಕೊಟ್ಟು ಕುಳಿತಿದ್ದ ಚಾಚಾರ ಬಲ ಮೊಣಕಾಲು ನನಗೆ ಮೊದಲು ಕಂಡಿತು. ಅವರಿಗೆ ಮೇಜಿರಲಿಲ್ಲ, ಮೊಣಕಾಲೇ ಮೇಜು. ಅದರ ಮೇಲೊಂದು ತೆಳು ಹಲಗೆ, ಹಲಗೆಯ ಮೇಲೆ ಕಾಗದ. ಹಲಗೆ ಉಜ್ಜಿ ಉಜ್ಜಿ ಪೈಜಾಮ ಅಲ್ಲಿ ಜಾಳಾಗಿತ್ತು. ಒಳಗಿನ ಚರ್ಮ ಒಂಟೆಯ ಮೊಣಕಾಲಿನಂತೆ ದಡ್ಡುಗಟ್ಟಿತ್ತು.

ಮನೆ, ಹೊಲ, ಜಾಗಗಳ ಕಾಗದ ಬರೆಯುವುದು ಅವರ ಕಸುಬು. ಮನೆಯಲ್ಲಿ ದಖ್ಖನಿ, ಹೊರಗೆ ನಮ್ಮಂಥದೇ ಕನ್ನಡ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಚಾಚಾ ಅಂದರೆ ಸಾಕಿತ್ತು.

ಅವರಿಗೆ ಎರಡು ಹಟ. ಜಾಗದ ನಾಲ್ಕೂ ದಿಕ್ಕು ಕಾಲಲ್ಲಿ ನಡೆದು ನೋಡದೆ ಚೆಕ್ಕಬಂದಿ ಬರೆಯುತ್ತಿರಲಿಲ್ಲ. ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳದೆ ಯಾರಿಂದಲೂ ಸಹಿ ಮಾಡಿಸುತ್ತಿರಲಿಲ್ಲ. ಕೊಟ್ಟವರ ಹೆಸರು, ಕೊಂಡವರ ಹೆಸರು, ಸಾಕ್ಷಿದಾರರ ಹೆಸರು, ಅವರ ಅಪ್ಪಂದಿರ ಹೆಸರು, ಒಂದನ್ನೂ ಬಿಡುವವರಲ್ಲ. ಬಸ್ಸಿಗೆ ಹೊತ್ತಾಯಿತೆಂದು ಯಾರಾದರೂ ಚಡಪಡಿಸಿದರೆ, ಬಸ್ಸು ನಾಳೆಯೂ ಬರುತ್ತದೆ, ಹೊಲ ಹೋದರೆ ಬರುವುದಿಲ್ಲ ಎನ್ನುತ್ತಿದ್ದರು. 'ಬಾಯಿ ಸಾಯತದ, ಕಾಗದ ಉಳಿತದ' ಎನ್ನುವುದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು.

ನಾನು ರಾಯಚೂರಿನಲ್ಲಿ ವೆಲ್ಡಿಂಗ್ ಕಲಿತು, ಹನ್ನೆರಡು ವರ್ಷ ಇನ್ನೊಬ್ಬರ ಶೆಡ್ಡಿನಲ್ಲಿ ಕಣ್ಣು ಸುಟ್ಟುಕೊಂಡು, ಕಡೆಗೆ ಕವಿತಾಳ ರಸ್ತೆಯ ಕಡೆ ಸ್ವಂತ ಜಾಗ ಹಿಡಿದೆ. ಕಾಗದ ಬರೆಸಲು ಚಾಚಾರ ಬಳಿ ಹೋದೆ. ಉರಿ ಬಿಸಿಲಲ್ಲಿ ಹೆಜ್ಜೆ ಎಣಿಸುತ್ತ ಜಾಗದ ಸುತ್ತ ನಡೆದವರು ಉತ್ತರದ ಮಗ್ಗುಲಿಗೆ ನಿಂತುಬಿಟ್ಟರು. ಹಳೆಯ ಕಾಗದದಲ್ಲಿ ಅಲ್ಲಿ ಬಂಡಿದಾರಿ ಇತ್ತಂತೆ, ಮಾರುವವನು ತೋರಿಸಿದ ಕಾಗದದಲ್ಲಿ ದಾರಿಯೇ ಇಲ್ಲ. ದಾರಿಯನ್ನು ಬಿಡಿಸಿ, ಉಳಿದಷ್ಟಕ್ಕೇ ಬರೆದರು. ಇಲ್ಲವಾದರೆ ನನ್ನ ಶೆಡ್ಡು ದಾರಿಯ ಮೇಲೆ ಎದ್ದು, ಒಂದಲ್ಲ ಒಂದು ದಿನ ನೆಲಕ್ಕೆ ಬೀಳುತ್ತಿತ್ತು.

ಬರೆದದ್ದನ್ನು ಓದಲು ಶುರುಮಾಡಿದಾಗ ನನಗೆ ಬೇಸರ ಬಂತು.

"ಬಿಡ್ರಿ ಚಾಚಾ, ನನಗೂ ಓದಾಕ ಬರತದ" ಎಂದೆ.

"ಬರತದಂತ ಗೊತ್ತದ. ಓದತಿ ಅಂತ ಗೊತ್ತಿಲ್ಲ" ಎಂದು ನಕ್ಕು, ಪೂರ್ತಿ ಓದಿಯೇ ಸಹಿಗೆ ಕೊಟ್ಟರು.

ಅವರ ಸ್ವಂತ ಮನೆ ಮಾತ್ರ ಬಾಯಿಮಾತಿನ ಮೇಲೆ ನಿಂತಿತ್ತು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅದು ಅವರ ದೊಡ್ಡಪ್ಪನ ಮನೆ. ಮುಪ್ಪಿನಲ್ಲಿ ನೋಡಿಕೊಂಡವರು ಚಾಚಾ ಮತ್ತು ಚಾಚಿ. ಒಂದು ಶುಕ್ರವಾರ ನಮಾಜು ಮುಗಿಸಿ ಬಂದ ಮುದುಕ ಇಬ್ಬರು ಹಿರಿಯರ ಮುಂದೆ 'ಈ ಮನಿ ನಿನಗ ಕೊಟ್ಟೆ' ಎಂದು ಕೀಲಿಕೈ ತೆಗೆದು ಕೈಯಲ್ಲಿಟ್ಟಿದ್ದನಂತೆ. ಹಿಬಾ ಅನ್ನುತ್ತಾರೆ ಅದಕ್ಕೆ. ಕೊಟ್ಟೆ ಅನ್ನಬೇಕು, ತಗೊಂಡೆ ಅನ್ನಬೇಕು, ಮನೆ ಕೈಗೆ ಬರಬೇಕು. ಅವರ ಕಾಯ್ದೆಗೆ ಅಷ್ಟೇ ಸಾಕು, ಕಾಗದ ಬೇಕೇಬೇಕೆಂದಿಲ್ಲ. ಊರಿಗೆಲ್ಲ ಕಾಗದ ಮಾಡಿಕೊಟ್ಟವರು ನೀವೇಕೆ ಬರೆಸಿಕೊಳ್ಳಲಿಲ್ಲ ಎಂದು ಒಮ್ಮೆ ಕೇಳಿದ್ದೆ.

"ನನ್ನ ಎತ್ತಿ ಆಡಿಸಿದಾವ. ಅವನ ಮುಂದ ಕಾಗದ ಹಿಡದ್ರ, ನಿನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲ ಅಂದಂಗ ಆಗತಿತ್ತು. ನನಗ ನಾಚಿಕಿ ಬಂತಪ" ಎಂದಿದ್ದರು.

ಮುದುಕ ತೀರಿಕೊಂಡ. ಆ ಇಬ್ಬರು ಹಿರಿಯರೂ ಹೋದರು. ಮನೆಯ ದಾಖಲೆ ಮುದುಕನ ಹೆಸರಿನಲ್ಲೇ ಉಳಿದಿತ್ತು. ರಾಯಚೂರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಅವನ ಮಗ ವಾರಸಿನ ಮೇಲೆ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಅಲ್ಲಿನ ಒಂದು ಸೊಸೈಟಿಗೆ ಮನೆ ಒತ್ತೆ ಇಟ್ಟು ಸಾಲ ತೆಗೆದ, ವ್ಯಾಪಾರ ಕೆಟ್ಟಿತು, ಊರು ಬಿಟ್ಟ. ಸೊಸೈಟಿಯ ನೋಟೀಸು ಬಂದು ಬಾಗಿಲಿಗೆ ಅಂಟಿದಾಗಲೇ ಚಾಚಾರಿಗೆ ಇದೆಲ್ಲ ತಿಳಿದದ್ದು. ನೋಟೀಸಿನಲ್ಲಿ ಗಡುವು ಇತ್ತು. ಗಡುವಿನೊಳಗೆ ತಕರಾರು ಕೊಟ್ಟರೆ ಕೇಳಲೇಬೇಕು ಎಂದು ಧೈರ್ಯವಾಗಿಯೇ ಇದ್ದರು.

ಇನ್ನು ಮುಂದಿನದು ನನ್ನ ತಪ್ಪು. ಅದನ್ನು ಬಿಟ್ಟು ಚಾಚಾರ ಬಗ್ಗೆ ಬರೆದರೆ ಅದು ಸುಳ್ಳಾಗುತ್ತದೆ.

ಗಡುವಿಗೆ ಇನ್ನೂ ಹನ್ನೊಂದು ದಿನ ಇರುವಾಗ ಸೊಸೈಟಿಯ ವಸೂಲಿ ಅಧಿಕಾರಿಯ ಕಡೆಯವನೊಬ್ಬ ನನ್ನ ಶೆಡ್ಡಿಗೆ ಬಂದ. ನಾನು ಟ್ರ್ಯಾಕ್ಟರ್ ಟ್ರಾಲಿಯೊಂದಕ್ಕೆ ಬೆಸುಗೆ ಹಾಕುತ್ತಿದ್ದೆ. ಊರಲ್ಲೊಂದು ಖಾಲಿ ಮನೆ ಜಪ್ತಿ ಇದೆ, ಪಂಚನಾಮೆಗೆ ಇಬ್ಬರು ಪಂಚರು ಬೇಕು, ನೀವು ಅಲ್ಲಿಗೆ ಬರುವುದೂ ಬೇಡ, ಸಹಿ ಸಾಕು ಎಂದ. "ನಿಮ್ಮಂಥ ದೊಡ್ಡ ಮನಷ್ಯಾರ ಸಹಿ ಇದ್ರ ಕಾಗದಕ್ಕ ತೂಕ ಬರತದ್ರಿ ಸಾಹುಕಾರ್ರ" ಎಂದ. ಏಳನೆಯ ತರಗತಿಗೇ ಶಾಲೆ ಬಿಟ್ಟವನನ್ನು ಸಾಹುಕಾರ ಎಂದರೆ ಏನಾಗುತ್ತದೋ ಅದೇ ಆಯಿತು. ಕೈಗವಸು ಕಳಚಿ, ಬಿಡಿಸಿ ಬಿಡಿಸಿ ಚೆಂದಗೆ ಸಹಿ ಮಾಡಿದೆ. ಮೇಲೆ ಏನು ಬರೆದಿದೆ ನೋಡಲಿಲ್ಲ.

ಮರುದಿನ ಚಾಚಾ ತಕರಾರು ಅರ್ಜಿ ಕೊಡಲು ರಾಯಚೂರಿಗೆ ಹೋಗಿದ್ದರು. ಆ ಹೊತ್ತಿಗೇ ಅಧಿಕಾರಿ ಜನ ಕಟ್ಟಿಕೊಂಡು ಅವರ ಮನೆಗೆ ಬಂದ. ರೊಟ್ಟಿ ಬಡಿಯುತ್ತಿದ್ದ ಚಾಚಿಯನ್ನು ಹೊರಗೆ ಕರೆದು, ಪಾತ್ರೆ-ಪಗಡೆ, ಹಾಸಿಗೆ, ಚಾಚಾರ ಕಾಗದದ ಪೆಟ್ಟಿಗೆ ಎಲ್ಲ ಓಣಿಗಿಟ್ಟು ಬೀಗ ಜಡಿದ. ಸುದ್ದಿ ಕೇಳಿ ನಾನು ಓಡಿದೆ. ಯಾವ ಮನೆಗೆ ಸಹಿ ಮಾಡಿದ್ದೆ ಎಂದು ಆಗಲೂ ನನಗೆ ಹೊಳೆಯಲಿಲ್ಲ.

ಚಾಚಾ ಬಸ್ಸಿಳಿದು ಬಂದಾಗ ಓಣಿ ತುಂಬ ಜನ ಸೇರಿತ್ತು. ಅಧಿಕಾರಿಯ ಕಡೆಯವನು ಪಂಚನಾಮೆಯ ಪ್ರತಿಯನ್ನು ಅವರ ಕೈಗೆ ಕೊಟ್ಟ. ಅವರು ಯಾರನ್ನೂ ಬೈಯಲಿಲ್ಲ. ಗಂಟಲು ಸರಿಮಾಡಿಕೊಂಡು, ಕಚೇರಿಯ ಮುಂದೆ ಓದುತ್ತಿದ್ದ ಅದೇ ದನಿಯಲ್ಲಿ ಓದತೊಡಗಿದರು.

"ಸದರಿ ಮನೆಯಲ್ಲಿ ಯಾರೂ ವಾಸವಿರುವುದಿಲ್ಲ. ಮನೆಯು ಖಾಲಿ ಇರುತ್ತದೆ..."

"ಯಾರೂ ಇದ್ದಿಲ್ಲಂತ?" ಎಂದಳು ಚಾಚಿ. ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. "ಹಂಗಾರ ಹಿಟ್ಟು ನಾದಾಕತ್ತಿದ್ದು ಯಾರು, ದೆವ್ವಾ?"

ಒಂದಿಬ್ಬರು ನಕ್ಕರು. ಚಾಚಾ ಮುಂದೆ ಓದಿದರು. ಬೀಗದ ಸಂಗತಿ, ಚೆಕ್ಕಬಂದಿ, ತಾರೀಖು. ಕೊನೆಗೆ 'ಪಂಚರು' ಎಂದರು. ಕಣ್ಣೆತ್ತಿ ಯಾರನ್ನೂ ನೋಡದೆ ಕಾಗದವನ್ನು ಮಡಚಿದರು.

"ಪಂಚರು ಯಾರಂತರಿ ಚಾಚಾ?" ಎಂದು ಜನರೊಳಗಿನಿಂದ ಒಬ್ಬ ಕೇಳಿದ.

"ಅಕ್ಷರ ಸಮ ಇಲ್ಲ. ಓದಾಕ ಬರವಲ್ಲದು" ಎಂದರು.

ನನ್ನ ಸಹಿ ಕುರುಡನೂ ಓದಬಹುದಾದಷ್ಟು ಸ್ಪಷ್ಟ. ಯಾವ ಮನೆಗೆ ಸಹಿ ಮಾಡಿದ್ದೆನೆಂದು ಆಗ ಹೊಳೆಯಿತು. ಯಾವ ಕಾಗದದಲ್ಲೂ ಒಂದು ಹೆಸರು ಬಿಡದ ಮನುಷ್ಯ ಓಣಿಯ ಮುಂದೆ ನನ್ನ ಹೆಸರೊಂದನ್ನು ಬಿಟ್ಟಿದ್ದರು.

ಮರುದಿನ ಮುಂಜಾನೆ, ಅವರು ಹಿಡಿದಿದ್ದ ಬಾಡಿಗೆ ಕೋಣೆಗೆ ಹೋಗಿ ಕಾಲ ಬಳಿ ಕುಳಿತೆ. ಅಳು ಬಂತು.

"ಓದಿದ್ಯಾ?" ಎಂದು ಕೇಳಿದರು.

"ಇಲ್ರಿ."

"ಹಂಗಾರ ಅಷ್ಟೇ ಹೇಳು. ಕೋರ್ಟಿನ್ಯಾಗ ಹೇಳು. ನನ್ನ ಮುಂದ ಅತ್ರ ಏನ್ ಬಂತು?"

ಹೇಳಿದೆ. ಚಾಚಾ ಹಾಕಿದ ಕೇಸಿನಲ್ಲಿ, ರಾಯಚೂರಿನ ಕೋರ್ಟಿನಲ್ಲಿ, ಸೊಸೈಟಿಯ ವಕೀಲರು ನಿಮಗೆ ಓದಲು ಬರುತ್ತದೆಯೇ ಎಂದು ಮೊದಲು ಕೇಳಿದರು. ಬರುತ್ತದೆ ಎಂದೆ. ಓದಲು ಬರುವವರು ಓದದೆ ಸಹಿ ಮಾಡುತ್ತಾರೆಯೇ, ಈ ವಯಸ್ಸಾದವರ ಮೇಲಿನ ಕನಿಕರಕ್ಕೆ ಈಗ ಸುಳ್ಳು ಹೇಳುತ್ತಿದ್ದೀರಲ್ಲವೇ ಎಂದರು. ಬಾರದು ಎಂದಿದ್ದರೆ ಪಾರಾಗುತ್ತಿದ್ದೆನೇನೋ.

"ಸುಳ್ಳಲ್ರಿ. ಸೊಕ್ಕಿತ್ರಿ ನನಗ" ಎಂದೆ. ಹೇಳಿಕೆ ಟೈಪ್ ಮಾಡಿಕೊಳ್ಳುತ್ತಿದ್ದಾಕೆ ಬೆರಳು ನಿಲ್ಲಿಸಿ ನನ್ನ ಮುಖ ನೋಡಿದಳು. ಹಿಂದಿನ ಬೆಂಚಿನಲ್ಲಿ ಚಾಚಾ ತಲೆ ತಗ್ಗಿಸಿ ಕುಳಿತಿದ್ದರು.

ಕೇಸು ಮಾತ್ರ ತಾರೀಖಿನ ಮೇಲೆ ತಾರೀಖು ನಡೆಯಿತು. ಮನೆ ಹರಾಜಾಗದಂತೆ ತಡೆ ಸಿಕ್ಕಿತು, ಬೀಗ ತೆಗೆಯಲು ಅಪ್ಪಣೆ ಸಿಗಲಿಲ್ಲ. ಹಿಬಾಕ್ಕೆ ಸಾಕ್ಷಿ ಎಲ್ಲಿ ಎಂದರೆ ಇಬ್ಬರೂ ಮಣ್ಣಿನಲ್ಲಿದ್ದರು. ಅಧಿಕಾರಿ ಬೇರೆ ಊರಿಗೆ ಹೋದ. ಅವನ ಮೇಲಿನ ದೂರು ವಿಚಾರಣೆಯಲ್ಲಿದೆ ಎಂದು ಈಗಲೂ ಹೇಳುತ್ತಾರೆ. ಕಚೇರಿಯ ಮುಂದೆ ಚಾಚಾರ ಬಳಿ ಬರುವವರು ಕಡಿಮೆಯಾದರು. ತನ್ನ ಮನೆಗೇ ಕಾಗದ ಇಲ್ಲದವನು ಮಂದಿಗೆ ಏನು ಬರೆದಾನು ಎಂಬ ಮಾತು ಅವರ ಕಿವಿಗೂ ಬಿತ್ತು. "ಖರೇನ ಅಂತಾರ ಬಿಡು" ಎಂದರು. ಬಾಡಿಗೆ ಕಟ್ಟಲಾಗದೆ ಗಂಡಹೆಂಡಿರು ದೇವದುರ್ಗಕ್ಕೆ, ಚಾಚಾರ ತಂಗಿಯ ಮನೆಗೆ ಹೋದರು.

ತಾರೀಖು ಇದ್ದ ದಿನ ಅವರು ದೇವದುರ್ಗದಿಂದ, ನಾನು ಮಾನವಿಯಿಂದ ರಾಯಚೂರಿಗೆ ಬರುತ್ತಿದ್ದೆವು. ಕೋರ್ಟಿನ ಹೊರಗೆ ಚಹಾ ಕುಡಿದು ಒಳಗೆ ಹೋಗುತ್ತಿದ್ದೆವು. ಒಂದು ತಾರೀಖಿಗೆ ಅವರು ಬರಲಿಲ್ಲ. ಬಸ್ಸು ತಡವಾಗಿರಬೇಕೆಂದು ಬಾಗಿಲ ಬಳಿ ಕಾದೆ. ಜವಾನ ಹೊರಗೆ ಬಂದು ಅವರ ಹೆಸರನ್ನು ಮೂರು ಸಲ ಕೂಗಿದ. ನಾನು ಅವರ ಪೂರ್ತಿ ಹೆಸರು, ಅಪ್ಪನ ಹೆಸರು ಸಮೇತ, ಗಟ್ಟಿ ದನಿಯಲ್ಲಿ ಕೇಳಿದ್ದು ಅಲ್ಲಿಯೇ. ಯಾರೂ ಓಗೊಡಲಿಲ್ಲ. ಒಳಗೆ ಮುಂದಿನ ತಾರೀಖು ಕೊಡುತ್ತಿದ್ದಾಗ ಚಾಚಿಯ ಫೋನು ಬಂತು. ಬಸ್ಸಿಗೆಂದು ಮುಂಜಾನೆ ಎದ್ದು ಕೈಕಾಲು ತೊಳೆದು, ಅಂಗಿ ತೊಟ್ಟು, ಮಂಚದ ಮೇಲೆ ಕುಳಿತವರು ಹಾಗೆಯೇ ಒರಗಿದ್ದರಂತೆ.

ನಾನು ದೇವದುರ್ಗ ಮುಟ್ಟಿದಾಗ ಮಣ್ಣು ಕೊಡುವ ಹೊತ್ತಾಗಿತ್ತು. ನಮ್ಮವನಲ್ಲ ಎಂದು ಯಾರೂ ತಡೆಯಲಿಲ್ಲ. ಮೂರು ಮುಷ್ಟಿ ಹಾಕಿದೆ.

ಈಗ ಚಾಚಾರ ಜಾಗದಲ್ಲಿ ಚಾಚಿಯ ಹೆಸರು ಸೇರಿಸಿ ಕೇಸು ನಡೆಸುತ್ತಿದ್ದೇವೆ. ನನ್ನ ಬಳಿ ಈಗ ಇರುವುದು ಇಷ್ಟು: ಒಂದು ಶೆಡ್ಡು, ಎರಡು ವೆಲ್ಡಿಂಗ್ ಯಂತ್ರ, ಮೂರು ಜನ ಕೆಲಸಗಾರರು, ಓದುತ್ತಿರುವ ಇಬ್ಬರು ಹೆಣ್ಣುಮಕ್ಕಳು, ಮುಂದಿನ ತಾರೀಖಿನ ಒಂದು ಚೀಟಿ.