ಆ ಮೂರನೆಯ ಬ್ಲ್ಯಾಕ್ ಹೋಲ್ ಓರೆ ಮಾಡಿದ್ದು ನಾನು, ಶಿವಾನಂದಣ್ಣ

ಸುಳ್ಳಿರಬೇಕು ಅಂದುಕೊಂಡೆ…
ಮಧ್ಯಾಹ್ನ ಫೋನ್ ಬಂದಾಗ "ಯಾವ ಶಿವಾನಂದ?" ಎಂದು ಎರಡು ಸಲ ಕೇಳಿದೆ.
ನಮ್ಮ ಫ್ಯಾಕ್ಟರಿಯ ಡ್ರಾಯಿಂಗ್ ಸೆಕ್ಷನ್‌ನಲ್ಲಿದ್ದ ಶಿವಾನಂದಣ್ಣನೇ.
ಬೆಳಿಗ್ಗೆ ಜಿಗಣಿಯಲ್ಲಿ, ಹೊಸ ಕೆಲಸದ ಜಾಗದಲ್ಲಿ, ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲವಂತೆ…

ಹೊಗಳಿ ನಾಲ್ಕು ಸಾಲು ಬರೆಯೋಣವೆಂದು ಕುಳಿತೆ.
ಆಗುತ್ತಿಲ್ಲ. ಕ್ಷಮಿಸಿ ಫ್ರೆಂಡ್ಸ್.

ಪೀಣ್ಯದ ಫ್ಯಾಕ್ಟರಿಯಲ್ಲಿ ನಾನು ಕ್ವಾಲಿಟಿ ಚೆಕಿಂಗ್, ಅವರು ಡ್ರಾಯಿಂಗ್. ಗದಗದ ಕಡೆಯವರು.
ಎರಡು ಬ್ಲ್ಯಾಕ್ ಹೋಲ್‌ಗಳು ಕೂಡಿದಾಗ ಎದ್ದ ಅಲೆ ಭೂಮಿಗೆ ತಲುಪಿತೆಂದು ಪೇಪರಿನಲ್ಲಿ ಬಂದಿತ್ತಲ್ಲ… ಆ ದಿನ ಊಟದ ಬಿಡುವಿನಲ್ಲಿ ಕೇಳಿದ್ದರು:
"ತಂಗೀ, ಎರಡೂ ದೂರದೂರ ದುಂಡಗ ತಿರಗಿಕೋತ ಇದ್ರ, ಕೂಡಾಕ ವಿಶ್ವದ ವಯಸ್ಸು ಸಾಲಂಗಿಲ್ಲ. ಮೂರನೇದೊಂದು ಹೊರಗ ನಿಂತು ಜಗ್ಗಿದ್ರ?"

ಒಂದು ವರ್ಷ ಊಟದ ಬಿಡುವೆಲ್ಲ ಅದಕ್ಕೇ ಹೋಯಿತು.
ಮೂರನ್ನೂ ಕಂಪ್ಯೂಟರಿನಲ್ಲಿ ಸುತ್ತಿಸಿ ನೋಡುವ ಪ್ರೋಗ್ರಾಂ ಬರೆದದ್ದು ನಾನು.
ಮೂರನೆಯದನ್ನು ಜೋಡಿಯ ಮಟ್ಟದಲ್ಲೇ, ಒಂದೇ ತಟ್ಟೆಯ ಮೇಲಿದ್ದಂತೆ, ಸುತ್ತಿಸಿದರೆ ಏನೂ ಆಗುತ್ತಿರಲಿಲ್ಲ.
ಒಂದು ದಿನ ಅದರ ದಾರಿಯನ್ನು ಓರೆ ಮಾಡಿ ನೋಡಿದೆ…
ಸುತ್ತು ಕಳೆದಂತೆ ಜೋಡಿಯ ದುಂಡು ದಾರಿ ಉದ್ದವಾಗುತ್ತಾ ಹೋಯಿತು. ಮೊದಲು ಮೊಟ್ಟೆಯಂತೆ, ಆಮೇಲೆ ಸೌತೆಕಾಯಿಯಂತೆ.
ಪ್ರತಿ ಸುತ್ತಿನಲ್ಲೂ ಒಮ್ಮೆ ತೀರಾ ಹತ್ತಿರ ಬಂದು, ಅಲೆಗಳಾಗಿ ಶಕ್ತಿ ಕಳೆದುಕೊಂಡು, ಕೊನೆಗೆ ಒಂದಾದವು.
ಶಿವಾನಂದಣ್ಣ ಊಟದ ಡಬ್ಬಿ ಬಡಿದು ಕೂಗಿದ್ದರು: "ಕೂಡಿದ್ವು! ತಂಗೀ, ಕೂಡಿದ್ವು ನೋಡವಾ!"

ಆಮೇಲೆ ವೈಟ್‌ಫೀಲ್ಡ್‌ನಲ್ಲಿ ಒಂದು ವಿಜ್ಞಾನ ಕೂಟ. ಈ ಲೆಕ್ಕ ವಿವರಿಸಲು ನಮ್ಮಿಬ್ಬರನ್ನೂ ಕರೆದಿದ್ದರು.
ನನಗೆ ಸ್ಟೇಜ್ ಎಂದರೆ ಭಯ. "ನೀವೇ ಮಾತಾಡಿ ಅಣ್ಣ" ಎಂದೆ.
ಸಭೆಯಲ್ಲಿ ಯಾರೋ ಕೇಳಿದರು, "ಸಾರ್, ಓರೆ ಮಾಡೋ ಐಡಿಯಾ ಸಕ್ಕತ್ತಾಗಿದೆ. ಯಾರ್ದು?"
"ನಂದ ರೀ."

ಅಣ್ಣಾ… ನಾನು ಎದುರಿಗೇ ಕುಳಿತಿದ್ದೆ.
ನೀವು ನನ್ನನ್ನು ನೋಡಿದಿರಿ. ನೋಡಿ, ನೀರು ಕುಡಿದಿರಿ.
ಸೋಮವಾರ ಕೇಳಿದೆ, "ಯಾಕಣ್ಣ ಹಂಗಂದ್ರಿ?"
"ಬಾಯಿ ತಪ್ಪಿ ಬಂತವಾ. ಮುಂದಿನ ಸಲ ನಿನ್ನ ಹೆಸರು ಹೇಳತೇನಿ ತಗೋ."
ಮುಂದಿನ ಸಲವೂ ಹೇಳಲಿಲ್ಲ.
ಅದರ ಮುಂದಿನ ಸಲ ನನ್ನನ್ನು ಕರೆಯಲೇ ಇಲ್ಲ.
ಕೆಲಸ ಬಿಟ್ಟು ಜಿಗಣಿಗೆ ಹೋದದ್ದನ್ನೂ ಬೇರೆಯವರಿಂದ ಕೇಳಿದೆ.
ಎಲ್ಲಾದರೂ ಸಿಗುತ್ತೀರಿ, ಜಗಳವಾಡಿ ಮುಗಿಸಿಬಿಡೋಣ ಎಂದುಕೊಂಡಿದ್ದೆ…

ಸಂಜೆ ರಾಜಗೋಪಾಲನಗರದ ನಿಮ್ಮ ಮನೆಗೆ ಹೋಗಿದ್ದೆ.
ನಿಮ್ಮ ಹೆಂಡತಿ ಗಿರಿಜಕ್ಕ ಕೈ ಹಿಡಿದುಕೊಂಡು ಕೇಳಿದರು:
"ಓರೆ ಮಾಡಿ ಲೆಕ್ಕ ಬಿಡಿಸಿದಾಕಿ ನೀನ ಅಲ್ಲೇನವಾ? ಊಟಕ್ಕ ಕುಂತಾಗೆಲ್ಲ ಹೇಳ್ತಿದ್ರು. ತಂಗಿ ಭಾಳ ಶಾಣ್ಯಾಕಿ ಅಂತ."

ಅಲ್ಲೇ ಅತ್ತುಬಿಟ್ಟೆ. ಸುತ್ತಲಿದ್ದವರು ದುಃಖ ಎಂದುಕೊಂಡರು.
ಅದು ಸಿಟ್ಟು ಅಣ್ಣಾ.
ಮನೆಯಲ್ಲಿ ಅಷ್ಟು ಸಲ ಹೇಳಿದವರಿಗೆ, ಆ ಸಭೆಯಲ್ಲಿ ಒಂದೇ ಒಂದು ಸಲ ಹೇಳಲು ಏನಾಗಿತ್ತು?
ಮರೆತಿದ್ದರೆ ಬೇರೆ ಮಾತು. ನೀವು ಮರೆತಿರಲಿಲ್ಲ…
ಈಗ ಯಾರನ್ನು ಕೇಳಲಿ?

ಹೋಗಿ ಬನ್ನಿ ಶಿವಾನಂದಣ್ಣ.
ನನ್ನ ಸಿಟ್ಟು ನನ್ನ ಹತ್ತಿರವೇ ಇರಲಿ… ನಿಮ್ಮ ಜೀವಕ್ಕೆ ನೆಮ್ಮದಿ ಸಿಗಲಿ.