ಪದ್ಮಜಾ ಮತ್ತು ಸತ್ತ ಟೀವಿಗಳ ಖೋಲಿ

ಶ್ರದ್ಧಾಂಜಲಿ ಸಭೆಯಲ್ಲಿ ಗುಲ್ಬರ್ಗಾದಿಂದ ಬಂದಿದ್ದ ಅಧಿಕಾರಿಯೊಬ್ಬರು ಪದ್ಮಜಾಳನ್ನು ತಾಳ್ಮೆಯ ಮೂರ್ತಿ ಎಂದು ಕರೆದರು. ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಎದ್ದು ನಿಂತು ಅದು ಸುಳ್ಳು ಎಂದು ಹೇಳಬೇಕೆನ್ನಿಸಿತು. ಅಲ್ಲಿ ಹೇಳಲಿಲ್ಲ. ಇಲ್ಲಿ ಬರೆಯುತ್ತೇನೆ. ಅವಳಿಗೆ ತಾಳ್ಮೆ ಇರಲಿಲ್ಲ. ರೈಲು ತುಸು ತಡವಾದರೆ ವಾಡಿ ಸ್ಟೇಷನ್ನಿನಲ್ಲಿ ಆ ತುದಿಯಿಂದ ಈ ತುದಿಗೆ ತಿರುಗುವವಳು. ಚಹಾ ಆರುವ ತನಕ ಕಾಯದೆ ನಾಲಿಗೆ ಸುಟ್ಟುಕೊಳ್ಳುವವಳು. ಏಕಾದಶಿಯ ಉಪವಾಸದ ದಿನ ಅವಳ ಹತ್ತಿರ ಸಹಿ ಕೇಳಲು ಯಾರೂ ಹೋಗುತ್ತಿರಲಿಲ್ಲ. ಅಂಥವಳು ಒಂದು ಕೋಣೆ ಖಾಲಿ ಮಾಡಿಸಲು ವರ್ಷಗಟ್ಟಲೆ ಕಾದಳೆಂದರೆ ಅದು ಅವಳ ಗುಣವಲ್ಲ. ಅವಳನ್ನು ಕಾಯಿಸಲಾಯಿತು.

ನಾವಿಬ್ಬರೂ ವಾಡಿಯವರು. ದಿನಾ ಪ್ಯಾಸೆಂಜರಿನಲ್ಲಿ ಚಿತ್ತಾಪುರಕ್ಕೆ ಹೋಗಿ, ಅಲ್ಲಿಂದ ಟಂಟಂ ಆಟೋ ಹಿಡಿದು ಸೇಡಂ ದಾರಿಯಲ್ಲಿರುವ ನಮ್ಮ ಹೆಣ್ಣುಮಕ್ಕಳ ಪ್ರೌಢಶಾಲೆ ಮುಟ್ಟುತ್ತಿದ್ದೆವು. ಅವಳು ವಿಜ್ಞಾನ ಕಲಿಸುತ್ತಿದ್ದಳು, ನಾನು ಕನ್ನಡ. ಶಾಲೆ ಪೂರಾ ಶಹಾಬಾದ ಕಲ್ಲಿನದು. ಹಿಂಬದಿಯ ಮೂಲೆಯಲ್ಲಿ ಒಂದು ಕೋಣೆ, ಅದರಲ್ಲಿ ನಲ್ಲಿ, ನೀರು ಹೋಗಲು ಮೋರಿ. ಹುಡುಗಿಯರಿಗೆ ಹೊಟ್ಟೆನೋವು ಬಂದರೆ ಮಲಗಲು, ಬಟ್ಟೆ ಬದಲಿಸಲು, ಕೈಕಾಲು ತೊಳೆಯಲು ಎಂದೇ ಕಟ್ಟಿಸಿದ್ದ ಕೋಣೆ ಅದು.

೧೯೯೪ರ ಸುಮಾರಿಗೆ ಶಾಲೆಗಳಿಗೆ ಬಣ್ಣದ ಟೀವಿ ಬಂದವು. ಸುತ್ತಲ ಹಳ್ಳಿಗಳಲ್ಲಿ ಅವು ಒಂದೊಂದಾಗಿ ಕೆಟ್ಟಾಗ, ದುರಸ್ತಿಗೆ ಒಟ್ಟಿಗೆ ಕಳಿಸೋಣ ಎಂದು ಹೇಳಿ ನಮ್ಮ ಆ ಕೋಣೆಯಲ್ಲಿ ತಂದಿಟ್ಟರು. ದುರಸ್ತಿಯವರು ಬರಲಿಲ್ಲ. ಆಮೇಲೆ ಕಂಪ್ಯೂಟರ್ ಬಂದವು, ಅವುಗಳ ಬ್ಯಾಟರಿ ಬಂದವು. ನಮ್ಮ ಕಡೆಯ ಕರೆಂಟಿನ ಏರಿಳಿತಕ್ಕೆ ಅವೂ ಸತ್ತವು. ೨೦೦೩ರಲ್ಲಿ ಪದ್ಮಜಾ ಮುಖ್ಯೋಪಾಧ್ಯಾಯಿನಿ ಆಗುವ ಹೊತ್ತಿಗೆ ಆ ಕೋಣೆಯ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು.

ಮೊದಲು ಶಾಲೆಯ ಮುರುಕು ಬೆಂಚು, ತುಕ್ಕು ಹಿಡಿದ ಕುರ್ಚಿ ಏನಿದ್ದರೂ ಅಂಗಳದಲ್ಲೇ ಹರಾಜು ಹಾಕುತ್ತಿದ್ದೆವು. ಚಿತ್ತಾಪುರದ ಗುಜರಿ ವ್ಯಾಪಾರಿ ಹಾಜಿಮಲಂಗ್ ಬಂಡಿ ತಂದು ಒಯ್ಯುತ್ತಿದ್ದ. ಟೀವಿಗೆ ಹಾಗಿಲ್ಲವಂತೆ. ಮೊದಲು ಕಂಡಮ್ ಮಾಡಿಸಬೇಕು, ಅಂದರೆ ಇದು ಇನ್ನು ಉಪಯೋಗಕ್ಕೆ ಬಾರದು ಎಂದು ತಾಂತ್ರಿಕ ಅಧಿಕಾರಿ ಬರೆದುಕೊಡಬೇಕು. ತಾಂತ್ರಿಕ ಅಧಿಕಾರಿಯ ಹುದ್ದೆ ಖಾಲಿ ಇತ್ತು. ಹುದ್ದೆ ತುಂಬುವವರೆಗೆ ಸತ್ತ ಟೀವಿಗಳು ಸರಕಾರದ ಲೆಕ್ಕದಲ್ಲಿ ಜೀವಂತ.

ದೊಡ್ಡ ಹುಡುಗಿಯರು ಪ್ರತಿ ತಿಂಗಳು ಕೆಲವು ದಿನ ತಪ್ಪಿಸುತ್ತಿದ್ದರು. ಒಂಬತ್ತನೆಯ ಇಯತ್ತೆಯಲ್ಲಿ ಕೆಲವರು ಪೂರಾ ನಿಂತುಬಿಡುತ್ತಿದ್ದರು. ಹಾಜಿಮಲಂಗನ ಮಗಳು ರಹೀಮಾ ಹಾಗೆ ನಿಂತಾಗ ಪದ್ಮಜಾ ನನ್ನನ್ನು ಕರೆದುಕೊಂಡು ಅವರ ಮನೆಗೇ ಹೋದಳು. ಮನೆಯ ಹಿಂದೆ ತಾಯಿ ಬಿಬಿಜಾನ್ ಮೂಗಿಗೆ ಸೆರಗು ಕಟ್ಟಿಕೊಂಡು ವೈರಿನ ರಾಶಿಗೆ ಬೆಂಕಿ ಹಚ್ಚಿ ಕೂತಿದ್ದಳು, ಒಳಗಿನ ತಾಮ್ರಕ್ಕಾಗಿ. ಕಪ್ಪು ಹೊಗೆ. ಎಲ್ಲಿಯದೋ ಒಡೆದ ಟೀವಿಗಳ ಗಾಜು ಅಂಗಳದ ತುಂಬ. ರಹೀಮಾ ಅದರ ನಡುವೆ ಕೂತು ತಂತಿ ಬಿಡಿಸುತ್ತಿದ್ದಳು. ಪದ್ಮಜಾ ದನಿ ಏರಿಸಿ, ಹುಡುಗಿಯನ್ನು ಯಾಕೆ ಬಿಡಿಸಿದ್ದೀರಿ ಎಂದು ಕೇಳಿದಳು.

ಬಿಬಿಜಾನ್ ಕೆಮ್ಮಿ, ಮೂಗಿನ ಸೆರಗು ಸರಿಸಿ ಹೇಳಿದಳು: "ನಿಮ್ಮ ಸಾಲ್ಯಾಗ ಹುಡುಗಿ ಹೊರಗಾದ್ರ ಕುಂದ್ರಾಕ ಒಂದು ಖೋಲಿ ಇಲ್ರಿ ಮೇಡಂ. ಇದ್ದದ್ದ್ರಾಗ ಟೀವಿ ಕುಂತಾವ. ಟೀವಿಗೆ ಜಾಗಾ ಅದ, ನನ್ನ ಮಗಳಿಗೆ ಇಲ್ಲ."

ಹಾಜಿಮಲಂಗ್ ಚಹಾ ತಂದುಕೊಟ್ಟು, ತಾನೇ ದಾರಿ ಹೇಳಿದ: "ಆ ಗುಜರಿ ಭಂಗಾರ ನನಗ ಕೊಟ್ಟಬಿಡ್ರಿ. ಸಂಜಿಯೊಳಗ ಖೋಲಿ ಸಾಫ್. ಯಾರು ಕೇಳ್ತಾರ?"

ತಿರುಗಿ ಬರುವಾಗ ಪದ್ಮಜಾ ಸ್ಟೇಷನ್ನಿನ ತನಕ ಲೆಕ್ಕ ಹಾಕುತ್ತ ನಡೆದಳು. ಅವನಿಗೆ ಕೊಟ್ಟರೆ ಅದನ್ನು ಒಡೆಯುವವರು, ಸುಡುವವರು ಅದೇ ರಹೀಮಾ, ಅದೇ ಬಿಬಿಜಾನ್. ಕೊಡದಿದ್ದರೆ ಹುಡುಗಿಗೆ ಕೋಣೆ ಇಲ್ಲ. "ಒಂದ ಮಗಳನ್ನ ಎರಡೂ ಕಡಿಂದ ಸುಡಲಿಕತ್ತೀವಿ ಭಾಮಾ" ಅಂದಳು, ರೈಲು ಹತ್ತುವಾಗ. ಗುಜರಿಗೆ ಮಾತ್ರ ಕೊಡುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದಳು. ಆಗಿನ್ನೂ ಅದಕ್ಕೆ ಯಾವ ನಿಯಮವೂ ನಮ್ಮ ತನಕ ಬಂದಿರಲಿಲ್ಲ.

೨೦೦೮ರಲ್ಲಿ ಬಂತು. ಕೆಟ್ಟ ಕಂಪ್ಯೂಟರ್, ಟೀವಿಗಳನ್ನು ಗುಜರಿಗೆ ಮಾರಬಾರದು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಕಾರ್ಖಾನೆಗೇ ಕೊಡಬೇಕು ಎಂಬ ಸುತ್ತೋಲೆ. ಪದ್ಮಜಾ ಅದನ್ನು ರೈಲಿನಲ್ಲಿ ನನಗೆ ಗಟ್ಟಿಯಾಗಿ ಓದಿ ಹೇಳಿದಳು, ಯಾರೋ ಒಬ್ಬರಿಗಾದರೂ ಬುದ್ಧಿ ಬಂತು ಎಂದು ಖುಷಿಪಟ್ಟಳು. ಚಿತ್ತಾಪುರ ಮುಟ್ಟುವಷ್ಟರಲ್ಲಿ ಎರಡನೆಯ ಸಲ ಓದಿ ಮಡಚಿಟ್ಟಳು. ಕೊಡಬೇಕು ಎಂದಿತ್ತು, ಒಯ್ಯುವವರು ಯಾರು ಎಂದಿರಲಿಲ್ಲ.

ಅಂಥ ಕಾರ್ಖಾನೆ ಹತ್ತಿರದಲ್ಲಿ ಎಲ್ಲಿಯೂ ಇರಲಿಲ್ಲ. ಬೆಂಗಳೂರಿಗೆ ಫೋನು ಮಾಡಿದಳು. ಇಷ್ಟೇ ಸಾಮಾನಿಗೆ ಲಾರಿ ಕಳಿಸುವುದಿಲ್ಲ, ಸಾಗಣೆ ಮತ್ತು ವಿಲೇವಾರಿಯ ಶುಲ್ಕ ನೀವೇ ಕಟ್ಟಬೇಕು ಎಂದರು. ಮೇಲಿನ ಕಚೇರಿಗೆ ಬರೆದಳು. ಅವರ ಉತ್ತರವನ್ನು ನಾನು ಸಾಯುವ ತನಕ ಮರೆಯಲಾರೆ: ಹಳೆಯ ಸಾಮಾನು ಮಾರಿದರೆ ಬಂದ ಹಣವನ್ನು ಸರಕಾರಕ್ಕೆ ಜಮಾ ಮಾಡಲು ಲೆಕ್ಕಶೀರ್ಷಿಕೆ ಇದೆ, ಹಣ ಕೊಟ್ಟು ಸಾಮಾನು ಕೊಡಲು ಲೆಕ್ಕಶೀರ್ಷಿಕೆ ಇಲ್ಲ. ಆದ್ದರಿಂದ ಸಾಮಾನನ್ನು ಸುರಕ್ಷಿತವಾಗಿ ಇಟ್ಟುಕೊಳ್ಳತಕ್ಕದ್ದು. ಹಾಗಾದರೆ ನನ್ನ ಸ್ವಂತ ಖರ್ಚಿನಲ್ಲಿ ಕಳಿಸುತ್ತೇನೆ ಎಂದು ಬರೆದಳು. ಸರಕಾರಿ ಸ್ವತ್ತನ್ನು ಖಾಸಗಿ ಹಣದಿಂದ ಸಾಗಿಸಲು ಅವಕಾಶವಿಲ್ಲ ಎಂದರು.

ಜಗಳಾಡಿ ಜಗಳಾಡಿ ಒಬ್ಬ ತಾಂತ್ರಿಕ ಅಧಿಕಾರಿಯನ್ನು ಕೊನೆಗೂ ಒಪ್ಪಿಸಿದಳು. ದಸರಾ ಮುಗಿದ ಮೇಲೆ ಬಂದು ನೋಡುತ್ತೇನೆ ಎಂದರು. ನಮ್ಮ ಜವಾನಿ ದಾನಮ್ಮನಿಗೆ ಕೋಣೆಯನ್ನು ಚೊಕ್ಕ ಮಾಡಿಡಲು ಹೇಳಿದಳು. ಆಯುಧಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ದಿನ ಕುಂಕುಮದ ಭರಣಿಯನ್ನು ದಾನಮ್ಮನ ಕೈಗೆ ಕೊಟ್ಟವಳೂ ಅವಳೇ. ಗಂಟೆ, ಕಪ್ಪುಹಲಗೆ, ಹೊಲಿಗೆ ಮಷೀನಿಗೆ ಹಚ್ಚುತ್ತಾಳೆ ಎಂದುಕೊಂಡಿದ್ದಳು. ಅಧಿಕಾರಿ ಬಂದು ಬಾಗಿಲು ತೆರೆದರೆ, ಒಂದೊಂದು ಟೀವಿಯೂ ಒರೆಸಿಕೊಂಡು ಮಿಂಚುತ್ತಿದೆ. ಹಣೆಗೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ತಲೆಯ ಮೇಲೆ ಚೆಂಡುಹೂವು. ಕಂಪ್ಯೂಟರಿನ ಮುಂದೆ ಬಾಳೆಹಣ್ಣಿನ ಸಿಪ್ಪೆ ಬೇರೆ. ಟೀವಿ ಹಚ್ಚಿ ನೋಡೋಣವೆಂದರೆ ಕರೆಂಟಿರಲಿಲ್ಲ. ಅಧಿಕಾರಿ ಕೈಮುಗಿದು ಹೊರಬಂದು ಬರೆದರು: ಸಾಮಗ್ರಿಗಳು ಸುಸ್ಥಿತಿಯಲ್ಲಿದ್ದು ಶ್ರದ್ಧೆಯಿಂದ ನಿರ್ವಹಿಸಲಾಗುತ್ತಿದೆ, ನಿತ್ಯ ಬಳಕೆಯಲ್ಲಿರುವಂತೆ ಕಂಡುಬರುತ್ತದೆ. ಪದ್ಮಜಾ ಜೀಪಿನ ತನಕ ವಾದಿಸುತ್ತ ಹೋದಳು. ಬಳಸದ ವಸ್ತುವಿಗೆ ಯಾರಾದರೂ ಪೂಜೆ ಮಾಡುತ್ತಾರೆಯೇ ಎಂದು ಅವರು ತಿರುಗಿ ಕೇಳಿದರು.

ದಾನಮ್ಮನಿಗೆ ತನ್ನ ತಪ್ಪೇನೆಂದು ತಿಳಿಯಲಿಲ್ಲ. "ಕೆಟ್ಟಾವಂತ ಬಿಡಾಕಾಗ್ತದೇನ್ರಿ ಮೇಡಂ? ವರ್ಸಕ್ಕ ಒಂದು ದಿನ. ಅವೂ ಒಂದು ಕಾಲಕ್ಕ ದುಡದಾವ."

ಪದ್ಮಜಾ ತಲೆಯ ಮೇಲೆ ಕೈಯಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನಿನ್ನ ವಿಭೂತಿಗೆ ಭಾಳ ಶಕ್ತಿ ಅದ ದಾನಮ್ಮ. ಸತ್ತ ಟೀವಿ ಎದ್ದು ಕುಂತವು ನೋಡು." ಆಮೇಲೆ ನಗು ಬಂತು. ನಮಗೆಲ್ಲರಿಗೂ ಬಂತು. ಅವಳ ಕಣ್ಣಲ್ಲಿ ನೀರೂ ಇತ್ತು, ಯಾಕೆಂದರೆ ಅದೇ ವಾರ ರಹೀಮಾಳ ಮದುವೆಯ ಸುದ್ದಿ ಬಂದಿತ್ತು.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವಳು ತನ್ನ ಮುಖ್ಯೋಪಾಧ್ಯಾಯರ ಕೊಠಡಿಯ ಮೇಜು ಕುರ್ಚಿ ಎಳೆದು ಪಡಸಾಲೆಗೆ ಹಾಕಿದಳು. ಸುರಕ್ಷಿತವಾಗಿ ಇಟ್ಟುಕೊಳ್ಳಿ ಎಂದಿದ್ದಾರೆ, ಎಲ್ಲಿ ಎಂದು ಹೇಳಿಲ್ಲವಲ್ಲ ಎಂದಳು. ನಾವೆಲ್ಲ ಸೇರಿ ಟೀವಿ, ಕಂಪ್ಯೂಟರ್, ಬ್ಯಾಟರಿ ಹೊತ್ತು ಅವಳ ಕೊಠಡಿ ತುಂಬಿಸಿದೆವು. ಮೂಲೆಯ ಕೋಣೆ ತೊಳೆದೆವು. ಅದು ಗೋದಾಮಾಗಿದ್ದರಿಂದ ಹೊರಗೆ ಕೊಂಡಿ ಇತ್ತೇ ಹೊರತು ಒಳಗೆ ಏನೂ ಇರಲಿಲ್ಲ. ಅವಳೇ ಶಹಾಬಾದಿಗೆ ಹೋಗಿ ಕಬ್ಬಿಣದ ಅಗಳಿಯೊಂದನ್ನು ತಂದು ಒಳಗಡೆ ಹಾಕಿಸಿದಳು.

ಪಡಸಾಲೆಯ ಬಿಸಿಲಿಗೆ ಅವಳ ಮೇಜು ಕಾದು ಹಂಚಾಗುತ್ತಿತ್ತು. ತಪಾಸಣೆಗೆ ಬಂದ ಅಧಿಕಾರಿ, ಮುಖ್ಯೋಪಾಧ್ಯಾಯರು ಹೊರಗೆ ಕೂರುವುದು ಶಿಸ್ತಲ್ಲ ಎಂದರು. "ಸಾಮಾನು ಕೀಲಿಯೊಳಗ ಸುರಕ್ಷಿತ ಅದಾವ ಸರ್. ಹೊರಗ ಇರಾಕಿ ನಾ ಒಬ್ಬಾಕಿನೇ. ನನ್ನ ಕಂಡಮ್ ಮಾಡಾಕರೆ ಯಾರನ್ನಾದ್ರೂ ಕಳಸ್ರಿ" ಎಂದು ಪದ್ಮಜಾ ಉತ್ತರಿಸಿದಳು. ಯಾರನ್ನೂ ಕಳಿಸಲಿಲ್ಲ. ಜೂನಿನಲ್ಲಿ ಬಿಬಿಜಾನ್ ಬಂದು, ಮೊದಲು ಮೂಲೆಯ ಕೋಣೆಗೆ ಹೋಗಿ ಅಗಳಿಯನ್ನು ಎಳೆದು ನೋಡಿ, ಆಮೇಲೆ ರಹೀಮಾಳ ತಂಗಿಯ ಹೆಸರನ್ನು ಶಾಲೆಗೆ ಹಚ್ಚಿದಳು.

ಆ ವರ್ಷ ದೀಪಾವಳಿಗೆ ಮುಂಚೆ, ಬೆಳಿಗ್ಗೆ ತುಳಸಿಗೆ ನೀರು ಹಾಕಿ ಒಳಗೆ ಬಂದ ಪದ್ಮಜಾ ಕೂತಲ್ಲಿಯೇ ಹೋದಳು. ನಾನು ಸ್ಟೇಷನ್ನಿನಲ್ಲಿ ಕಾಯುತ್ತಿದ್ದೆ. ಅವಳು ತಡ ಮಾಡಿದ್ದು ಅದೊಂದೇ ಸಲ.

ಹೊಸ ಮುಖ್ಯೋಪಾಧ್ಯಾಯರಾಗಿ ಶ್ರೀರಾಮ ಎಂಬುವರು ಬಂದರು. ತಮ್ಮ ಕೊಠಡಿ ಟೀವಿಗಳಿಂದ ತುಂಬಿರುವುದನ್ನು ನೋಡಿ, ಕೂರಲು ಜಾಗವಿಲ್ಲದೆ ಚಾರ್ಜ್ ತೆಗೆದುಕೊಳ್ಳುವುದಿಲ್ಲ ಎಂದು ಬರೆದು ಕಳಿಸಿದರು. ಒಂದು ತಿಂಗಳೂ ಹಿಡಿಯಲಿಲ್ಲ. ಬೆಂಗಳೂರಿನ ಲಾರಿ ಬಂತು. ಕಂಡಮ್ ಆಯಿತು, ಶುಲ್ಕ ಕಟ್ಟಲಾಯಿತು, ಇಲ್ಲದ ಲೆಕ್ಕಶೀರ್ಷಿಕೆ ಎಲ್ಲಿಂದಲೋ ಹುಟ್ಟಿತು. ನೂರಾರು ಹುಡುಗಿಯರಿಗಾಗಿ ಅಲುಗದ ಕಚೇರಿ ಒಂದು ಕುರ್ಚಿಗಾಗಿ ಓಡಿಬಂತು. ವಿಭೂತಿ ಮಾಸದ ಟೀವಿಗಳು ಲಾರಿ ಹತ್ತುವುದನ್ನು ನೋಡುತ್ತ ನಾನು ಸಿಟ್ಟಿನಿಂದ ನಿಂತಿದ್ದೆ. ಹೇಳಿಕೊಳ್ಳಲು ಅವಳಿರಲಿಲ್ಲ.

ಹೊಸ ವರ್ಷಕ್ಕೆ ಹೊಸ ಕಂಪ್ಯೂಟರ್ ಬಂದವು. ಅವುಗಳ ಜಾಗದಿಂದ ತೆಗೆದ ಕೆಟ್ಟ ಪ್ರಿಂಟರುಗಳನ್ನು ಸದ್ಯಕ್ಕೆ ಆ ಮೂಲೆಯ ಕೋಣೆಯಲ್ಲಿಡಿ ಎಂದು ಶ್ರೀರಾಮ ಹೇಳಿದರು. ಪ್ರಿಂಟರ್ ಹೊತ್ತವರ ಹಿಂದೆ ಅವರೇ ಬಂದರು. ದಾನಮ್ಮ ಹೊಸ್ತಿಲ ಮೇಲೆ ಕೂತು ಬಿಸಿಯೂಟದ ಅಕ್ಕಿ ಆರಿಸುತ್ತಿದ್ದಳು, ಏಳಲಿಲ್ಲ.

"ಒಳಗ ಹುಡುಗ್ಯಾರ ಅದಾರ್ರಿ ಸರ್. ಅಗಳಿ ಹಾಕ್ಕೊಂಡಾರ."

ಯಾವಾಗ ತೆಗೆಯುತ್ತಾರೆ ಎಂದು ಕೇಳಿದರು. ಒಬ್ಬಾಕಿ ಬಂದರೆ ಇನ್ನೊಬ್ಬಾಕಿ ಹೋಗುತ್ತಾಳೆ, ತನಗೆ ಹೇಳಲು ಬರುವುದಿಲ್ಲ ಎಂದು ದಾನಮ್ಮ ಮೊರವನ್ನು ಕೊಡವಿದಳು. ಶ್ರೀರಾಮ ಬಾಗಿಲ ಕಡೆ ಕಿವಿಗೊಟ್ಟರು. ಒಳಗೆ ನಲ್ಲಿ ಬಿಟ್ಟ ಸದ್ದು, ಯಾರೋ ಕಿಸಕ್ಕೆಂದು ನಕ್ಕ ಸದ್ದು. ಪ್ರಿಂಟರುಗಳು ಅವರ ಹಿಂದೆಯೇ ಅವರ ಕೊಠಡಿಗೆ ತಿರುಗಿ ಹೋದವು.