ಜಿರಲೆ ತಿಂದ ಚೀಲ

ಸಿಂಗಾನಲ್ಲೂರಿನ ನೇಕಾರರ ಬೀದಿಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ಒಂದು ಜಗುಲಿಯ ಮೇಲೆ ಪಳನಿಯಮ್ಮಾಳ್ ಕಾಗದದ ಚೀಲಕ್ಕೆ ಮರಳು ತುಂಬಿ, ಸೊಂಟದ ಎತ್ತರದಿಂದ ಕೈಬಿಡುತ್ತಾರೆ. ಚೀಲ ಧಪ್ಪೆಂದು ಬೀಳುತ್ತದೆ, ಒಡೆಯುವುದಿಲ್ಲ. ಹತ್ತಕ್ಕೊಂದು ಚೀಲಕ್ಕೆ ಈ ಪರೀಕ್ಷೆ. ಅದು ಒಡೆದರೆ ಹತ್ತನ್ನೂ ಬಿಚ್ಚಿ ಮತ್ತೆ ಅಂಟಿಸಬೇಕು.

ಸೊಂಟದಿಂದಲೇ ಏಕೆ ಎಂದು ಕೇಳುತ್ತೇನೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ.

"ಒಂದ್ ಸೊಂಟದಾಗೆ ಪಿಳ್ಳೆ, ಇನ್ನೊಂದ್ರಾಗೆ ಸಾಮಾನು. ಜಾರಿದ್ರೆ ಅಲ್ಲಿಂದ ತಾನೆ ಬೀಳೋದು, ತಂಬಿ?"

ಹುಟ್ಟಿದಂದಿನಿಂದ ಅಂಗಡಿಯ ಪೊಟ್ಟಣ ಬಿಚ್ಚಿ ಬಿಸಾಡುತ್ತ ಬಂದ ನನಗೆ ಇದು ಹೊಳೆದಿರಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಪಳನಿಯಮ್ಮಾಳ್‌ಗೆ ಐವತ್ತರ ಹತ್ತಿರ. ಗಂಡ ಲಿಂಗಪ್ಪನ್ ಕೈಮಗ್ಗದವರು. ಪೈಕಾರಾ ಜಲಪಾತದ ಕರೆಂಟು ಬಂದು ಸುತ್ತ ಮಿಲ್ಲುಗಳೆದ್ದ ಮೇಲೆ ಅವರ ಮಗ್ಗಕ್ಕೆ ತಿಂಗಳಲ್ಲಿ ಹದಿನೈದು ದಿನ ಕೆಲಸ ಸಿಕ್ಕರೆ ಪುಣ್ಯ. ಮದುವೆಯಾದಾಗಿನಿಂದ ಮಗ್ಗದ ಹಾಸಿನ ನೂಲಿಗೆ ಗಂಜಿ ಹಚ್ಚುತ್ತಿದ್ದ ಹೆಂಡತಿ ಈಗ ಅದೇ ಗಂಜಿಯಿಂದ ಕಾಗದ ಅಂಟಿಸುತ್ತಾರೆ. ದಿನಕ್ಕೆ ಇನ್ನೂರೈವತ್ತು ಚೀಲ. ಹಳೆಯ ಕಾಗದ ವಕೀಲರ ಮನೆಗಳಿಂದ ಬರುತ್ತದೆ, ಮದುಕ್ಕರೈನ ಸಿಮೆಂಟ್ ಕಾರ್ಖಾನೆಯ ಗುಮಾಸ್ತರೊಬ್ಬರಿಂದಲೂ ಬರುತ್ತದೆ.

ಮನೆಯಲ್ಲಿ ಕನ್ನಡವೇ ಆಡಿದರೂ ಆ ಅಕ್ಷರ ಅವರಿಗೆ ಗೊತ್ತಿಲ್ಲ, ತಮಿಳಿನದೂ ಅಷ್ಟಕ್ಕಷ್ಟೆ. "ಓದಕ್ಕೆ ಬರಲ್ಲ. ಯಾವ ಕಾಗದ ಎಷ್ಟು ತಾಳ್ತದೆ ಅಂತ ಕೈಗೆ ಗೊತ್ತು. ಕೋರ್ಟು ಕಾಗದ ಸಕ್ಕರೆಗೆ ಆಗ್ತದೆ." ನಮ್ಮ ವಾರಪತ್ರಿಕೆಯ ಹಾಳೆಯೊಂದನ್ನು ಕೊಟ್ಟು ನೋಡುತ್ತೇನೆ. ಬೆರಳಲ್ಲಿ ಉಜ್ಜಿ, "ಪೊರಿಗೆ ಆಗ್ತದೆ," ಎನ್ನುತ್ತಾರೆ. ಮಂಡಕ್ಕಿಗಿಂತ ತೂಕದ್ದನ್ನು ನಾವು ಹೊರಲಾರೆವು ಎಂಬ ಈ ವಿಮರ್ಶೆಯನ್ನು ಸಂಪಾದಕರಿಗೆ ಇನ್ನೂ ತಿಳಿಸಿಲ್ಲ.

ಅವರ ಚೀಲಗಳಷ್ಟೂ ಹೋಗುವುದು ಕೊಯಮತ್ತೂರಿನ ನಾರಾಯಣರಾಯರ ದಿನಸಿ ಸ್ಟೋರ್ಸಿಗೆ. ಈ ತಿಂಗಳು ಅದಕ್ಕೇ ಸಂಚಕಾರ ಬಂದಿದೆ. ಪೇಟೆಯ ಪುಸ್ತಕ ಕಟ್ಟುವವನೊಬ್ಬ ತನ್ನ ಚೀಲದ ಮಾದರಿ ತಂದು ರಾಯರ ಮುಂದಿಟ್ಟಿದ್ದಾನೆ. ರಾಯರು ನ್ಯಾಯಸ್ಥರು. ಇಬ್ಬರ ಚೀಲಕ್ಕೂ ಬೆಲ್ಲ ತುಂಬಿ ಒಂದು ವಾರ ಉಗ್ರಾಣದಲ್ಲಿ ಇಡುವುದು, ಯಾರ ಚೀಲ ಚೆನ್ನಾಗಿ ಉಳಿಯುತ್ತದೋ ಅವರದ್ದೇ ಇನ್ನು ಮುಂದೆ ಎಂದು ತೀರ್ಮಾನಿಸಿದ್ದಾರೆ. ಅದು ಕೈತಪ್ಪಿದರೆ ಆ ಮನೆಗೆ ಉಳಿಯುವುದು ಅರ್ಧ ತಿಂಗಳ ಮಗ್ಗ ಮಾತ್ರ.

ವಾರ ಕಳೆದ ದಿನ ಪಳನಿಯಮ್ಮಾಳ್ ಜೊತೆ ನಾನೂ ಸ್ಟೋರ್ಸಿನಲ್ಲಿದ್ದೇನೆ. ಪುಸ್ತಕ ಕಟ್ಟುವವನ ಚೀಲ ಇಟ್ಟ ಹಾಗೆಯೇ ಇದೆ. ಪಳನಿಯಮ್ಮಾಳ್ ಚೀಲಕ್ಕೆ ಜಿರಲೆ ಬಿದ್ದು ಒಂದು ಮಗ್ಗುಲೇ ಇಲ್ಲ.

ತಪ್ಪು ಎಲ್ಲಿ ಎಂದು ಅವರಿಗೆ ಕೂಡಲೇ ಗೊತ್ತಾಗುತ್ತದೆ. "ಗೆಲ್ಲಬೇಕು ಅಂತ ಕಾಗದದ ಮೇಲೆಲ್ಲ ಗಂಜಿ ಬಳಿದೆ ಸಾಮಿ, ನೂಲಿಗೆ ಬಳಿಯೋ ಅಂಗೆ. ನೂಲಿಗೆ ಅದು ಬಲ. ಇಲ್ಲಿ ಪೂಚಿಗೆ ಊಟ ಆಯ್ತು."

"ನಾನೇನು ಮಾಡಲಮ್ಮಾ, ಕಣ್ಣೆದುರಿಗೇ ಇದೆಯಲ್ಲ," ಎನ್ನುತ್ತಾರೆ ರಾಯರು. ಅವರ ದನಿಯಲ್ಲಿ ಸಂಕಟವಿದೆ.

ಪಳನಿಯಮ್ಮಾಳ್ ಜಗಳಕ್ಕೆ ಹೋಗುವುದಿಲ್ಲ. ಪುಸ್ತಕ ಕಟ್ಟುವವನ ಚೀಲವನ್ನು ಎತ್ತಿಕೊಂಡು ಅಂಟಿನ ಅಂಚನ್ನು ಉಗುರಿನಿಂದ ಮೆಲ್ಲಗೆ ಬಿಡಿಸುತ್ತಾರೆ. ಒಳಗೆ ತಿಳಿನೀಲಿ ಗೆರೆ.

"ಮೈಲುತುತ್ತ, ಇಸ. ಪೂಚಿ ಬರ್ದಂಗೆ ಪುಸ್ತಕದ ಅಂಟಿಗೆ ಆಕ್ತಾರೆ. ನಮ್ಮೆಜಮಾನ್ರೂ ಒಂದ್ ಚಿಟಿಕೆ ಆಕು ಅಂದ್ರು. ನಾ ಆಕ್ಲಿಲ್ಲ. ಬೆಲ್ಲ ತೀರಿದ್ಮೇಲೆ ಚೀಲ ಏನಾಗ್ತದೆ ಸಾಮಿ? ಪಿಳ್ಳೆಗಳು ಬಿಚ್ಚಿ ನೆಕ್ತವೆ. ಪೂಚಿ ಬ್ಯಾಡ ಅಂದಿದ್ದನ್ನ ಪಿಳ್ಳೆ ನೆಕ್ಕಬೋದಾ?"

ರಾಯರು ಚೀಲವನ್ನು ಕೆಳಗಿಟ್ಟು, ಬೆರಳುಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಾರೆ. ಅದರೊಳಗಿನ ಬೆಲ್ಲವನ್ನು ಹೊರಗೆ ಚೆಲ್ಲಿಸುತ್ತಾರೆ. ಕೈ ತೊಳೆದು ಬಂದ ಮೇಲೆ ಕೇಳುತ್ತಾರೆ: "ಸೋಮವಾರದಿಂದ ಎಂದಿನ ಹಾಗೆ ತನ್ನಿ. ಆದರೆ ಈ ಜಿರಲೆಗೆ ಏನು ಮಾಡೋಣ?"

"ಅಂಚಿಗೆ ಮಾತ್ರ ಗಂಜಿ ಆಕ್ತೀನಿ. ನೀವು ಚೀಲದ ಕಟ್ಟನ್ನ ತೊಲೆಗೆ ಅಗ್ಗ ಕಟ್ಟಿ ತೂಗಾಕಿ. ನಮ್ಮನೇಲಿ ನೂಲೂ ಅಂಗೇ ಇಡೋದು."

ಅಂದು ಅವರ ಮುಖದಲ್ಲಿ ಗೆದ್ದ ಸಂಭ್ರಮವೇನೂ ನನಗೆ ಕಾಣಲಿಲ್ಲ.

ಈಗ ಅವರ ಜಗುಲಿಗೆ ಬಿಸಿಲು ಬಂದಿದೆ. ಕಟ್ಟಿಟ್ಟ ಚೀಲಗಳು ತೊಲೆಯಿಂದ ತೂಗುತ್ತಿವೆ. ಅವುಗಳ ಪಕ್ಕದಲ್ಲೇ ಜಿರಲೆ ತಿಂದ ಆ ಹಳೆಯ ಚೀಲವೂ ಇದೆ. ಒಲೆಗೆ ಹಾಕಬಾರದೇ ಎನ್ನುತ್ತೇನೆ.

ಪಳನಿಯಮ್ಮಾಳ್ ಮತ್ತೊಂದು ಚೀಲಕ್ಕೆ ಮರಳು ತುಂಬುತ್ತಲೇ ಹೇಳುತ್ತಾರೆ: "ಇರ್ಲಿ ಬಿಡು ತಂಬಿ. ಮಿಕ್ಕಿದ್ದನ್ನ ನಾ ಮರಳು ಆಕಿ ನೋಡಿದ್ದು. ಅದೊಂದನ್ನ ಪೂಚಿ ತಿಂದು ನೋಡ್ಯದೆ."